ಎರಡು ಬಲಿಪೀಠದ ಮನೆ

ಜನವರಿ 9, 2024. ಮಂಗಳವಾರ

ಮತ್ತೆ ಲೀಕ್ ಈರುಳ್ಳಿಯ ಸೂಪ್. ತಿಂಗಳ ಎರಡನೆಯ ಮಂಗಳವಾರ ಎಂದರೆ ಊರಿನ ಪಾದ್ರಿಗಳ ಊಟ. ಊಟ ಎಂದರೆ ಮೆಥಡಿಸ್ಟ್ ಪಾದ್ರಿ ಗ್ವೆನ್ ಮಾಡುವ ಸೂಪ್. ಮೆಥಡಿಸ್ಟರ ಸಭಾಂಗಣದ ಹೀಟರ್ ಈ ಸಲವೂ ಕೆಟ್ಟಿತ್ತು. ಕೋಟು ಬಿಚ್ಚದೆ ಉಂಡೆವು.

ಹೇಳಿಕೊಳ್ಳಲು ಐಕ್ಯ ಸಪ್ತಾಹದ ತಯಾರಿ. ನಾವೆಲ್ಲ ಒಂದಾಗಲಿ ಎಂದು ಎಲ್ಲ ಸಭೆಗಳವರೂ ವರ್ಷಕ್ಕೊಂದು ವಾರ ಪ್ರಾರ್ಥಿಸುತ್ತೇವಲ್ಲ, ಅದು. ನಿಜವಾಗಿ ನಡೆದದ್ದು ಆಂಗ್ಲಿಕನ್ನರ ಜಗಳದ ಮಾತು. ಅವರ ಕುರ್ಚಿ ಖಾಲಿ ಇತ್ತು, ಅನುಕೂಲವಾಯಿತು.

ಗ್ವೆನ್ ಸೌಟು ಹಿಡಿದೇ ಶುರು ಮಾಡಿದಳು. "ಇಪ್ಪತ್ತು ವರ್ಷದ ಹಿಂದೆ ನಮ್ಮ ಮೆಥಡಿಸ್ಟರ ಜೊತೆ ನಿಶ್ಚಿತಾರ್ಥ ಮಾಡ್ಕೊಂಡ್ರು. ಉಂಗುರ ನಮ್ಮ ಬೆರಳಲ್ಲೇ ಕಪ್ಪಾಯ್ತು. ಈಗ ನೋಡಿದ್ರೆ ವರ ತನ್ನ ಮನೇಲೇ ಪಾಲು ಕೇಳ್ತಾ ನಿಂತಿದಾನೆ."

ಗ್ರೀಕ್ ಆರ್ಥಡಾಕ್ಸ್‌ನ ಫಾದರ್ ಸ್ಪೈರಿಡಾನ್ ಗಡ್ಡಕ್ಕೆ ಸೂಪು ತಾಗದ ಹಾಗೆ ಕರವಸ್ತ್ರ ಸಿಕ್ಕಿಸಿಕೊಂಡಿದ್ದರು. "ನಮ್ಮ ಅಜ್ಜಂದಿರ ಕಾಲದಲ್ಲಿ ನಾವೂ ಹೋಗಿದ್ವಿ ಅವರ ಮನೆಗೆ, ಒಂದಾಗೋ ಮಾತಿಗೆ. ಒಬ್ಬ ಬಿಷಪ್, ಇದನ್ನ ನಾವು ನಂಬ್ತೀವಿ ಅಂದ. ಪಕ್ಕದಲ್ಲಿದ್ದವನು, ನಾನು ನಂಬಲ್ಲ, ಆದ್ರೂ ನಾವಿಬ್ರೂ ಒಂದೇ ಅಂದ. ನಮ್ಮವರು ಟೀ ಕುಡಿದು ಎದ್ದು ಬಂದ್ರು."

ನಮ್ಮ ಕ್ಯಾಥೊಲಿಕ್ ಹಿರಿಯ ಪಾದ್ರಿ ಮಾನ್ಸಿನ್ಯೋರ್ ಡೆವ್ಲಿನ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಇದ್ದರು. ಬಿಷಪ್ಪರ ಬಲಗೈ, ಬಿಷಪ್ಪರ ಆಫೀಸಿನಲ್ಲಿ ನಾನು ಇವರ ಕಾರ್ಯದರ್ಶಿ. ಎಂದೂ ದನಿ ಎತ್ತುವುದಿಲ್ಲ. "ಪಾಪ, ಹಾಗೆಲ್ಲ ಅನ್ನಬಾರದು. ಉರಿಯೋ ಮನೇಲಿ ಗಳ ಹಿರಿಯೋದು ಕ್ರೈಸ್ತರಿಗೆ ಶೋಭೆ ಅಲ್ಲ." ಬೆಣ್ಣೆ ಹಚ್ಚಿ ಮುಗಿಸಿದರು. "ಗಳ ತಾನಾಗೇ ಬಂದು ನಮ್ಮ ಅಂಗಳಕ್ಕೆ ಬಿದ್ರೆ, ಅದು ಬೇರೆ ಮಾತು."

ಎಲ್ಲರೂ ನಕ್ಕೆವು. ನಾನೂ. ಬಾಗಿಲಲ್ಲಿ ಮೆರಿಯಲ್ ಹೆಸ್ಕೆತ್ ನಿಂತಿದ್ದಳು.

ಆಲ್ಡರ್ಬಿ ಹಳ್ಳಿಯ ಆಂಗ್ಲಿಕನ್ ಪಾದ್ರಿ. ಹೋದ ತಿಂಗಳು ತನ್ನ ಸಭೆಯ ಇಬ್ಬರು ಮುದುಕಿಯರನ್ನು, ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವರನ್ನು, ಜೋಡಿಯಾಗಿ ಆಶೀರ್ವದಿಸಿದಳು. ಅವರ ಆಡಳಿತ ಸಭೆ, ಸಿನಡ್, ಮತ ಹಾಕಿ ಒಪ್ಪಿದ್ದ ಪ್ರಾರ್ಥನೆಗಳನ್ನೇ ಓದಿದ್ದು. ಅವಳ ಸಭೆಯ ಅರ್ಧ ಜನ ಎದ್ದು ಹೋದರು.

"ನಿಲ್ಲಿಸಬೇಡಿ," ಅಂದಳು, ಕೈಗವಸು ಬಿಚ್ಚುತ್ತಾ. "ನಮ್ಮ ಮನೆ ಸುದ್ದಿ ನನಗಿಂತ ನಿಮಗೇ ಜಾಸ್ತಿ ಗೊತ್ತಿರುತ್ತೆ. ಸೂಪ್ ಇದೆಯಾ, ಇಲ್ಲ ಅದೂ ಎರಡು ಪಂಗಡ ಆಯ್ತಾ?"

ಗಂಡ ಬಂದಿರಲಿಲ್ಲ. ಆಲ್ಬನ್, ಇದೇ ಊರಿನ ದೊಡ್ಡ ಆಂಗ್ಲಿಕನ್ ಚರ್ಚಿನ ಪಾದ್ರಿ. ಇಬ್ಬರೂ ಜೊತೆಯಾಗಿಯೇ ಬರುತ್ತಿದ್ದರು. "ನೆಗಡಿ ಅವನಿಗೆ," ಅಂದಳು. ಡೆವ್ಲಿನ್ ತಟ್ಟೆ ನೋಡಿಕೊಂಡರು.

ವಾಪಸ್ ಬರುವಾಗ ಕಾರಿನಲ್ಲಿ ಡೆವ್ಲಿನ್ ಹೇಳಿದರು. ಕ್ರಿಸ್ಮಸ್‌ಗೆ ಮುಂಚೆಯೇ ಆಲ್ಬನ್ ಬಂದು ಹೋಗಿದ್ದಾನೆ. ನಮ್ಮ ಕಡೆ ಬರುತ್ತಾನಂತೆ. ಕ್ಯಾಥೊಲಿಕ್ ಯಾಜಕನಾಗಬೇಕಂತೆ.

"ಮೆರಿಯಲ್‌ಗೆ ಗೊತ್ತಾ, ಫಾದರ್?"

"ಗೊತ್ತಾಗುತ್ತೆ."

ಯಾಕೆ ನಕ್ಕೆ? ಮಾತು ಚೆನ್ನಾಗಿತ್ತು, ಅದಕ್ಕೆ. ಅಷ್ಟೇನಾ.

ಜನವರಿ 16

ಆಲ್ಬನ್ ಜೊತೆ ಮೊದಲ ಅಧಿಕೃತ ಮಾತುಕತೆ. ಟಿಪ್ಪಣಿ ಮಾಡಿಕೊಳ್ಳಲು ನಾನು.

ಐವತ್ತೆಂಟರ ಮನುಷ್ಯ. ಎತ್ತರ, ಬಾಗಿದ ಬೆನ್ನು, ಪಾಲಿಶ್ ಮಾಡಿದ ಹಳೆಯ ಶೂ. ಪಾದ್ರಿಯ ಬಿಳಿ ಕಾಲರ್ ಹಾಕದೆ ಬಂದಿದ್ದ. ಕೊರಳ ಹತ್ತಿರ ಚರ್ಮ ಬೆಳ್ಳಗೆ ಕಾಣುತ್ತಿತ್ತು. ರಾಜೀನಾಮೆ ಆಗಲೇ ಕಳಿಸಿದ್ದಾನೆ.

"ಸತ್ಯಾನ ಬಹುಮತದಿಂದ ತೀರ್ಮಾನ ಮಾಡೋ ಸಭೇಲಿ ಇನ್ನು ಇರೋಕೆ ಆಗಲ್ಲ, ಫಾದರ್. ಇವತ್ತು ನೂರರಲ್ಲಿ ನಲವತ್ತೊಂಬತ್ತು ಜನ ಕೈ ಎತ್ತಿದ್ರೆ ಸುಳ್ಳು, ನಾಳೆ ಐವತ್ತೊಂದು ಜನ ಎತ್ತಿದ್ರೆ ನಿಜ. ಇದು ಧರ್ಮಾನಾ?"

"ನಿಮ್ಮ ಹೆಂಡತಿ ಮಾಡಿದ ಆಶೀರ್ವಾದ..."

"ಅದು ಕೊನೇ ಹನಿ."

ಡೆವ್ಲಿನ್ ತಲೆಯಾಡಿಸಿದರು. ಸಮಾಧಾನದ ದನಿ. "ನಮ್ಮ ನಿಲುವು ನಿಮಗೆ ಗೊತ್ತು. ನೂರು ವರ್ಷಕ್ಕೂ ಹಿಂದೆಯೇ ರೋಮ್ ಹೇಳಿದೆ, ಆಂಗ್ಲಿಕನ್ ಯಾಜಕ ದೀಕ್ಷೆ ಅನ್ನೋದು ಶೂನ್ಯ. ಹಾಗಾಗಿ ನಿಮಗೆ ಮತ್ತೊಮ್ಮೆ ದೀಕ್ಷೆ ಕೊಡೋದಲ್ಲ. ಮೊದಲ ಸಲ ಕೊಡೋದು."

"ಗೊತ್ತು."

"ಅಂದ್ರೆ ಇಷ್ಟು ವರ್ಷ ನೀವು ಯಾಜಕರೇ ಅಲ್ಲ, ಬರೀ ಗೃಹಸ್ಥರು. ಒಳ್ಳೇ ಗೃಹಸ್ಥರು, ಅದರಲ್ಲಿ ಅನುಮಾನ ಇಲ್ಲ."

"ಹೌದು."

"ಸಾಯೋರ ಪಕ್ಕ ಕೂತು ಪಾಪಕ್ಷಮೆ ಹೇಳಿರ್ತೀರಿ."

"ಪ್ರಾರ್ಥನೆ," ಆಲ್ಬನ್ ಅಂದ. "ಒಳ್ಳೇ ಮನಸ್ಸಿನಿಂದ ಮಾಡಿದ ಪ್ರಾರ್ಥನೆ."

"ಪಾಪಕ್ಷಮೆ ಅಲ್ಲ."

"ಅಲ್ಲ."

"ನಿಮ್ಮ ತಾಯಿಗೂ ನೀವೇ ಹೇಳಿದ್ದು ಅಂತ ಕೇಳಿದ್ದೆ."

ಅವನು ಕಿಟಕಿಯ ಕಡೆ ತಿರುಗಿದ. ಕಿಟಕಿಯಾಚೆ ಕಸದ ಲಾರಿ ಹಿಂದೆ ಸರಿಯುವ ಸದ್ದು. "ಅವರಿಗೂ ಅಷ್ಟೆ," ಅಂದ.

ಬರೆದುಕೊಂಡೆ. ಅಕ್ಷರಗಳು ಎಂದಿಗಿಂತ ದುಂಡಗೆ ಬಂದಿವೆ.

ಈ ಪ್ರಶ್ನೆ ಕೇಳುವ ಅಗತ್ಯ ಇರಲಿಲ್ಲ. ಡೆವ್ಲಿನ್‌ಗೂ ಗೊತ್ತು. ಬರುವವನು ಪೂರ್ತಿ ಬರಿಗೈಯಲ್ಲಿ ಬರಬೇಕು, ಒಂದು ಚೂರೂ ಹಿಂದಿನದು ಅಂಟಿರಬಾರದು ಎಂಬುದು ಅವರ ಮತ. ನನ್ನ ಮತ ಏನು? ನಮ್ಮ ನಂಬಿಕೆ ನಿಜವಾಗಿದ್ದರೆ ಆ ಪ್ರಶ್ನೆ ನ್ಯಾಯವೇ. ನಿಜ ಎಂದೇ ನಂಬಿದ್ದೇನೆ. ಆದರೂ ಆ ಟಿಪ್ಪಣಿ ಇನ್ನೂ ಟೈಪ್ ಮಾಡಿಲ್ಲ.

ಜನವರಿ 21, ಭಾನುವಾರ

ಐಕ್ಯ ಸಪ್ತಾಹದ ಆರಾಧನೆ. ಈ ವರ್ಷ ಆಲ್ಡರ್ಬಿಯ ಸರದಿ, ಮೆರಿಯಲ್‌ಳ ಚರ್ಚು. ಡೆವ್ಲಿನ್ ಬರಲಿಲ್ಲ. "ನೀನು ಹೋಗು ಬ್ರಿಜಿಡ್, ನಿನ್ನ ಮುಖ ದುಃಖಕ್ಕೆ ಹೇಳಿ ಮಾಡಿಸಿದ ಹಾಗಿದೆ."

ಗೇಟಿನಲ್ಲಿ ಅವಳ ಸಭೆಯಿಂದ ಎದ್ದು ಹೋದವರ ಮುಖಂಡ ನಿಂತಿದ್ದ. ಟ್ವೀಡ್ ಕೋಟು, ಕೈಯಲ್ಲಿ ನಾಯಿಯ ಹಗ್ಗ. ಪಕ್ಕದ ಶಾಲೆಯ ಸಭಾಂಗಣದಲ್ಲಿ ಅವರದೇ ಬೇರೆ ಆರಾಧನೆ, ಅದೇ ಹೊತ್ತಿಗೆ. ನಮಗೆಲ್ಲ ವಿನಯದಿಂದ ದಾರಿ ಬಿಟ್ಟ. "ಹೋಗಿ, ಹೋಗಿ. ನಿಮಗೆ ದೋಷ ಇಲ್ಲ. ನೀವು ಹೊರಗಿನವರು."

ಒಳಗೆ ಮೆರಿಯಲ್ ತಾನೇ ಗಂಟೆ ಹೊಡೆದಳು. ಹೊಡೆಯುವವನೂ ಶಾಲೆಯ ಕಡೆ ಹೋಗಿದ್ದಾನೆ. ನಾವು ಹೊರಗಿನವರೇ ಅವಳ ಸಭೆಗಿಂತ ಹೆಚ್ಚು ಇದ್ದೆವು. ಕೊನೆಯ ಬೆಂಚಿನಲ್ಲಿ ಆಲ್ಬನ್. ಹಾಡಲಿಲ್ಲ.

ಗ್ವೆನ್ ಉಪದೇಶ ಮಾಡಿದಳು, ಒಂದೇ ದೇಹ ಹಲವು ಅಂಗಗಳು ಎಂದು. ಗೋಡೆಯಾಚೆ ಗಿಟಾರು ಕೇಳುತ್ತಿತ್ತು. ಅವರೂ ಐಕ್ಯಕ್ಕಾಗಿಯೇ ಪ್ರಾರ್ಥಿಸುತ್ತಿದ್ದರೇನೋ.

ಆಮೇಲೆ ಟೀ. ಗ್ವೆನ್ ಮೆರಿಯಲ್‌ಳ ಭುಜ ಹಿಡಿದಳು. "ನಮ್ಮ ಕಡೆ ಬಂದುಬಿಡೇ. ಕಣ್ಮುಚ್ಚಿ ತಗೋತೀವಿ."

"ಬಂದ್ರೆ ನನಗೆ ಮತ್ತೆ ದೀಕ್ಷೆ ಕೊಡ್ತೀರಾ?"

"ಯಾಕೆ ಬೇಕು? ನಿಮ್ಮ ದೀಕ್ಷೆನ ನಾವು ಯಾವಾಗಲೂ ಒಪ್ತೀವಿ. ನಮ್ಮದನ್ನ ಒಪ್ಪದೇ ಇರೋದು ನಿಮ್ಮವರು."

"ಹಾಗಾದ್ರೆ ಇದು ಕರೆಯೋದಲ್ಲ ಗ್ವೆನ್. ಸೇಡು ತೀರಿಸ್ಕೊಳ್ಳೋದು."

ಗ್ವೆನ್ ನಗುತ್ತಲೇ ಕೈ ತೆಗೆದಳು. ಸ್ಪೈರಿಡಾನ್ ಮನೆಯಿಂದ ಸಿಹಿ ರೊಟ್ಟಿ ತಂದಿದ್ದರು. ದೊಡ್ಡ ತುಂಡು ಕತ್ತರಿಸಿ ಮೆರಿಯಲ್ ಕೈಗೇ ಕೊಟ್ಟರು. "ನೀನು ಒಳ್ಳೇ ಹೆಣ್ಣುಮಗಳು. ನನ್ನ ಚರ್ಚಲ್ಲಿ ಇದ್ದಿದ್ರೆ ಬಾಗಿಲ ಹತ್ತಿರ ಮೇಣದಬತ್ತಿ ಮಾರೋಕೆ ಕೂರಿಸ್ತಿದ್ದೆ. ಅದೂ ದೊಡ್ಡ ಸೇವೆ."

"ನಿಮ್ಮ ಪ್ರೀತಿ ದೊಡ್ಡದು ಫಾದರ್," ಅಂದಳು. ತುಂಡು ತಿಂದಳು.

ಆಂಗ್ಲಿಕನ್ನರು ಜಗಳವನ್ನು ಬೀದಿಗೆ ತಂದು ಆಡುತ್ತಾರೆ. ನಾವು ಕ್ಯಾಥೊಲಿಕರು ಬೀರುವಿನಲ್ಲಿ ಮಡಿಸಿ ಇಡುತ್ತೇವೆ. ನಮ್ಮಲ್ಲಿ ಜಗಳವೇ ಇಲ್ಲ ಎಂದು ಅವರಿಗೆ ಅನಿಸುವುದು ಅದಕ್ಕೇ. ಆಲ್ಬನ್‌ಗೆ ಅನಿಸಿರುವುದೂ ಬಹುಶಃ ಇದೇ. ಯಾರಾದರೂ ಅವನಿಗೆ ಹೇಳಬೇಕಿತ್ತು. ಹೇಳುವ ಕೆಲಸ ಇದ್ದದ್ದು ನನಗೇ.

ಫೆಬ್ರವರಿ 8

ಡೆವ್ಲಿನ್ ಬೆಳಿಗ್ಗೆ ಕರೆದರು. ಮದುವೆಯಾದವನು ಯಾಜಕನಾಗಬೇಕಾದರೆ ಹೆಂಡತಿ ಒಪ್ಪಬೇಕು. ಅದು ನಿಯಮ. ಮೊದಲು ನಾನು ಹೋಗಿ ಮಾತಾಡಿ ಬರಬೇಕು.

ಬಾಗಿಲವರೆಗೆ ಹೋಗಿದ್ದೆ. ಹಿಂದಿನಿಂದ ಅಂದರು: "ಇನ್ನೊಂದು. ಒಂದೇ ಮನೇಲಿ ಎರಡು ಬಲಿಪೀಠ ಅಂದ್ರೆ ಜನ ನಗ್ತಾರೆ. ಬೆಳಿಗ್ಗೆ ಗಂಡ ನಮ್ಮಲ್ಲಿ ಪೂಜೆ ಮಾಡ್ತಾನೆ, ಹೆಂಡತಿ ಎರಡು ಮೈಲಿ ಆಚೆ ಅದೇ ನಿಲುವಂಗಿ ಹಾಕ್ಕೊಂಡು ಅದೇ ಮಾತು ಹೇಳ್ತಾಳೆ. ಅವಳೇ ಅರ್ಥ ಮಾಡ್ಕೊಂಡ್ರೆ ಚೆನ್ನ."

"ಹೇಳಬೇಕಾ ಫಾದರ್?"

"ನಾನೇನೂ ಹೇಳು ಅನ್ನಲಿಲ್ಲ."

ನಮ್ಮ ಆಫೀಸಿನ ರೀತಿಯೇ ಇದು. ಯಾರೂ ಆಜ್ಞೆ ಕೊಡುವುದಿಲ್ಲ. ಒಂದು ಆಸೆ ಮೇಲಿನಿಂದ ಕೆಳಗಿಳಿಯುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿಯಾಗುತ್ತದೆ.

ಮೆರಿಯಲ್ ಚರ್ಚಿನಲ್ಲಿ ಹಿತ್ತಾಳೆ ದೀಪಸ್ತಂಭ ಉಜ್ಜುತ್ತಿದ್ದಳು. ನನಗೂ ಒಂದು ಬಟ್ಟೆ ಕೊಟ್ಟಳು. ಇಬ್ಬರೂ ಉಜ್ಜುತ್ತಾ ಕುಳಿತೆವು.

"ಟೋಸ್ಟಿಗೆ ಮಾರ್ಮಲೇಡ್ ಹಚ್ತಾ ಹೇಳಿದ ಕಣ್ರೀ. ಕ್ರಿಸ್ಮಸ್‌ಗೆ ಮುಂಚೆನೇ ನಿಮ್ಮ ಹತ್ರ ಬಂದಿದ್ದನಂತೆ. ರಾಜೀನಾಮೆನೂ ಹೋಗಿತ್ತು. ಹತ್ತು ವರ್ಷದ ಹಿಂದೆ ಹೆಂಗಸರು ಬಿಷಪ್ ಆಗಬಹುದು ಅಂತ ಇದೇ ಸಿನಡ್‌ನಲ್ಲಿ ಮತ ಹಾಕಿ ಮನೆಗೆ ಬಂದು ನನ್ನ ತಬ್ಕೊಂಡಿದ್ದ. ಆಗ ಬಹುಮತ ಪವಿತ್ರಾತ್ಮ ಆಗಿತ್ತು."

ಬಟ್ಟೆ ಮಡಿಸಿ ಇನ್ನೊಂದು ಮಗ್ಗುಲಿನಿಂದ ಉಜ್ಜಿದೆ.

"ಅವನು ಇಷ್ಟು ವರ್ಷ ಏನೂ ಆಗಿರಲಿಲ್ಲ ಅಂತ ಒಪ್ಪಿದಾನೆ. ಅವನಿಗೇನು, ನೀವು ಹೊಸದಾಗಿ ಮಾಡಿ ಕೊಡ್ತೀರಿ. ನಾನು ಏನೂ ಅಲ್ಲ ಅಂತ ಒಪ್ಪಿದ್ರೆ, ಅಲ್ಲಿಗೆ ಮುಗೀತು. ಅಲ್ವಾ?"

"ನಿಮ್ಮ ಜ್ಞಾನಸ್ನಾನ ನಾವು ಒಪ್ತೀವಿ," ಅಂದೆ. ಎಂಥ ಮಾತು.

"ಮದುವೆ?"

"ಮದುವೆನೂ. ಪೂರ್ತಿ."

ಅವಳು ನಕ್ಕಳು. ದೀಪಸ್ತಂಭ ಕೆಳಗಿಟ್ಟು ನಕ್ಕಳು. "ನಾನು ಮಾಡಿದ್ದು, ಅವನು ಮಾಡಿದ್ದು ಎಲ್ಲಾ ಸುಳ್ಳು. ಮದುವೆ ಒಂದೇ ನಿಜ. ತಮಾಷೆ ನೋಡಿ, ಸತ್ತಿರೋದು ಅದೊಂದೇ."

ಆಗಲೇ ಎದ್ದು ಬರಬಹುದಿತ್ತು. ಬರಲಿಲ್ಲ. ಎರಡು ಬಲಿಪೀಠದ ಮಾತು ಹೇಳಿದೆ. ಆಲ್ಬನ್ ಇಲ್ಲಿ ಯಾಜಕನಾದ ಮೇಲೆ ಅವಳು ಪೀಠದ ಮುಂದೆ ನಿಲ್ಲದಿದ್ದರೆ ಒಳ್ಳೆಯದು ಎಂದು ಆಫೀಸು ಬಯಸುತ್ತದೆ, ಅಂದೆ.

ಅವಳು ಉಜ್ಜುವುದು ನಿಲ್ಲಿಸಿದಳು. "ಬಯಸುತ್ತೆ ಅಂದ್ರೆ? ನಮ್ಮಲ್ಲಿ ಬಿಷಪ್ ಬಯಸಿದ್ರೆ ಅರ್ಧ ಜನ ಮಾಡಲ್ಲ, ಇನ್ನರ್ಧ ಜನ ಪೇಪರಿಗೆ ಬರೀತಾರೆ. ನಿಮ್ಮಲ್ಲಿ?"

"ನಮ್ಮಲ್ಲಿ ಯಾರೂ ಮೀರಲ್ಲ."

"ಹಾಗಾದ್ರೆ ಅದು ನಿಯಮ."

ದೀಪಸ್ತಂಭದ ಬುಡದಲ್ಲಿ ಒಂದು ಕಪ್ಪು ಕಲೆ ಇತ್ತು. ಅದನ್ನೇ ಉಜ್ಜುತ್ತಿದ್ದೆ.

ಅಲ್ಲ ಎಂದು ಹೇಳಲಿಲ್ಲ.

ಮಾರ್ಚ್ 5

ಮೆರಿಯಲ್ ಬಂದಿದ್ದಳು, ಡೆವ್ಲಿನ್ ಮುಂದೆ ಒಪ್ಪಿಗೆ ಹೇಳಲು. ಕಪ್ಪು ಶರ್ಟು, ಬಿಳಿ ಕಾಲರ್. ಬೇಕೆಂದೇ ಹಾಕಿಕೊಂಡು ಬಂದದ್ದು.

ಡೆವ್ಲಿನ್ ಎದ್ದು ಕುರ್ಚಿ ಎಳೆದು ಕೊಟ್ಟರು. "ಕೂತ್ಕೊಳಿ, ಮಿಸೆಸ್ ಹೆಸ್ಕೆತ್." ಮಾತಿಗೊಮ್ಮೆ ಮಿಸೆಸ್ ಹೆಸ್ಕೆತ್. ಬೇರೆ ಹೆಂಗಸರಿಗೆ ಅಷ್ಟು ಸಲ ಅನ್ನುವುದಿಲ್ಲ ಅವರು.

"ಸ್ವಂತ ಇಚ್ಛೆಯಿಂದ ಒಪ್ತಿದೀರಾ, ಮಿಸೆಸ್ ಹೆಸ್ಕೆತ್?"

"ಅವನು ರಾಜೀನಾಮೆ ಕೊಟ್ಟಾಗಿದೆ. ನಾನು ಬೇಡ ಅಂದ್ರೆ ಅವನು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ದಿನಾ ಅಡುಗೆಮನೇಲಿ ಕೂತು ನನ್ನ ಮುಖ ನೋಡ್ತಿರ್ತಾನೆ. ಅದಕ್ಕಿಂತ ಇದು ವಾಸಿ. ಇದನ್ನ ಸ್ವಂತ ಇಚ್ಛೆ ಅಂತಾರಾ?"

ಡೆವ್ಲಿನ್ ಯೋಚಿಸಿದರು. "ಅನ್ನಬಹುದು."

ಸಹಿ ಮಾಡಿದಳು. ಎದ್ದು ಹೋಗುವಾಗ ಕೇಳಿದಳು: "ದೀಕ್ಷೆ ದಿನ ನಾನು ಏನು ಹಾಕ್ಕೊಂಡು ಬರಲಿ?"

"ಹೆಂಡತಿಯರು ಹಾಕೋದು, ಮಿಸೆಸ್ ಹೆಸ್ಕೆತ್. ಬಣ್ಣ ನಿಮ್ಮಿಷ್ಟ."

ಎರಡು ಬಲಿಪೀಠದ ಮಾತು ಯಾರೂ ಎತ್ತಲಿಲ್ಲ. ಇತ್ಯರ್ಥವಾಗಿದೆ ಎಂದು ಅವಳು ಅಂದುಕೊಂಡಳು. ಡೆವ್ಲಿನ್ ಏನಂದುಕೊಂಡರೋ. ನಾನು ಇಬ್ಬರ ನಡುವೆ ಕುಳಿತಿದ್ದೆ, ಪೆನ್ನು ಹಿಡಿದು.

ಮಾರ್ಚ್ 31, ಈಸ್ಟರ್

ನಿನ್ನೆ ರಾತ್ರಿ ಆಲ್ಬನ್‌ನನ್ನು ನಮ್ಮ ಸಭೆಗೆ ಸೇರಿಸಿಕೊಂಡರು. ಸಾಲಿನಲ್ಲಿ ಅವನ ಮುಂದೆ ಒಬ್ಬ ಬಸ್ ಡ್ರೈವರ್, ಹಿಂದೆ ಕಾಲೇಜು ಹುಡುಗಿ. ಹಣೆಗೆ ಎಣ್ಣೆ ಹಚ್ಚಿಸಿಕೊಂಡು ಅತ್ತ. ಸಂತೋಷಕ್ಕೆ. ಅದರಲ್ಲಿ ಅನುಮಾನವಿಲ್ಲ, ಅಷ್ಟು ಸಂತೋಷ ನಾನು ಬಹಳ ದಿನದಿಂದ ಯಾರ ಮುಖದಲ್ಲೂ ನೋಡಿರಲಿಲ್ಲ.

ಮೆರಿಯಲ್‌ಗೆ ಇವತ್ತು ಬೆಳಿಗ್ಗೆ ಮೂರು ಹಳ್ಳಿಗಳಲ್ಲಿ ಆರಾಧನೆ. ನಿನ್ನೆ ಬರಲಿಲ್ಲ.

ನವೆಂಬರ್ 24, 2024

ಇಷ್ಟು ತಿಂಗಳು ಇಲ್ಲಿ ಏನೂ ಬರೆಯಲಿಲ್ಲ. ಬರೆಯುವಂಥದು ಇರಲಿಲ್ಲ ಎಂದಲ್ಲ.

ಇವತ್ತು ಆಲ್ಡರ್ಬಿಯಲ್ಲಿ ಮೆರಿಯಲ್‌ಳ ಕೊನೆಯ ಆರಾಧನೆ. ಅವಳ ಬಿಷಪ್ಪರಿಗೆ ಆರೋಗ್ಯದ ಕಾರಣ ಎಂದಿದ್ದಾಳಂತೆ. ಅವರು ಒತ್ತಾಯಿಸಲಿಲ್ಲ. ಜಗಳದ ಹಳ್ಳಿ, ಇವಳು ಹೋದರೆ ಎರಡೂ ಕಡೆಯವರು ತಣ್ಣಗಾಗುತ್ತಾರೆ ಎಂದು ಅವರ ಲೆಕ್ಕ. ಅವಳ ಬಿಷಪ್ಪರೂ ಐಕ್ಯವನ್ನೇ ಬಯಸುವವರು.

ನಾನು ಕೊನೆಯ ಬೆಂಚಿನಲ್ಲಿ ಕುಳಿತೆ. ಆ ಇಬ್ಬರು ಮುದುಕಿಯರು ಮುಂದಿನ ಬೆಂಚಿನಲ್ಲಿ, ಒಬ್ಬಳ ಕೈ ಇನ್ನೊಬ್ಬಳ ತೊಡೆಯ ಮೇಲೆ. ಎದ್ದು ಹೋದವರಲ್ಲಿ ಕೆಲವರು ಬಂದಿದ್ದರು. ನಾಯಿಯ ಮನುಷ್ಯನೂ. ಗೆದ್ದವರು ಬೀಳ್ಕೊಡಲು ಬರುತ್ತಾರಲ್ಲ, ಹಾಗೆ.

ಉಪದೇಶ ಚಿಕ್ಕದು. ಮುಗಿದ ಮೇಲೆ ಬಲಿಪೀಠದ ಮೇಲಿನ ಬಿಳಿ ಬಟ್ಟೆಯನ್ನು ತಾನೇ ಮಡಿಸಿದಳು, ಮೂಲೆಗೆ ಮೂಲೆ ಸೇರಿಸಿ. ಸಹಾಯಕ್ಕೆ ಬಂದ ಹೆಂಗಸನ್ನು ತಡೆದಳು. "ಇರಲಿ ಬಿಡಮ್ಮಾ, ಇದೊಂದು ನಾನೇ ಮಾಡ್ತೀನಿ."

ಬಾಗಿಲಲ್ಲಿ ಗ್ವೆನ್ ನನ್ನ ಪಕ್ಕ ಬಂದು ನಿಂತಳು. "ಆರೋಗ್ಯ ಅಂತೆ. ಗುಂಡುಕಲ್ಲಿನ ಹಾಗಿದಾಳೆ. ಯಾರೇ ಇವಳಿಗೆ ಏನು ಹೇಳಿದ್ದು?"

"ಗೊತ್ತಿಲ್ಲ," ಅಂದೆ.

"ನಮ್ಮ ಕಡೆ ಬಂದಿದ್ರೆ ಬದುಕ್ತಿದ್ಳು." ಆಮೇಲೆ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ: "ಅಥವಾ ನಾನು ಆವತ್ತು ಹಾಗೆ ಕರೀಬಾರದಿತ್ತು."

ಜೂನ್ 12, 2025

ಆಲ್ಬನ್‌ನ ದೀಕ್ಷೆಗೆ ಇನ್ನೆರಡು ವಾರ. ಕುರ್ಚಿ, ಹೂವು, ಯಾರು ಎಲ್ಲಿ ಕೂರುವುದು ಎಲ್ಲಾ ನನ್ನ ತಲೆಗೆ. ಡೆವ್ಲಿನ್ ಜೊತೆ ಅದೇ ಮಾತು ನಡೆದಿತ್ತು. ಮಧ್ಯೆ ಅಂದರು: "ಹೆಂಡತಿ ಕೆಲಸ ಬಿಟ್ಟಳಂತಲ್ಲ. ಪಾಪ. ಯಾಕಂತೆ?"

ನನಗೆ ಮೊದಲು ತಿಳಿಯಲೇ ಇಲ್ಲ. "ನೀವೇ ಅಂದಿದ್ರಿ ಫಾದರ್. ಎರಡು ಬಲಿಪೀಠ."

"ನಾನಾ?" ಕನ್ನಡಕ ತೆಗೆದು ಒರೆಸಿದರು. ನಿಜವಾಗಿಯೂ ನೆನಪಿಸಿಕೊಳ್ಳುತ್ತಿದ್ದರು. "ಏನೋ ಒಂದು ಮಾತಿಗೆ ಅಂದಿರಬಹುದು. ಹಾಗೆಲ್ಲ ಕೇಳೋಕೆ ನಮಗೇನು ಹಕ್ಕಿದೆ? ಇನ್ನೊಂದು ಸಭೆಯ ಪಾದ್ರಿ ಅವಳು."

ಪಾದ್ರಿ. ಮೊದಲ ಸಲ ಅವರ ಬಾಯಲ್ಲಿ ಆ ಮಾತು ಕೇಳಿದ್ದು. ಅವಳು ಬಿಟ್ಟ ಮೇಲೆ.

"ನೀನು ಏನು ಹೇಳಿದೆ ಅವಳಿಗೆ, ಬ್ರಿಜಿಡ್?"

"ಆಫೀಸು ಬಯಸುತ್ತೆ ಅಂದೆ."

"ಹೌದು, ಬಯಸಿದ್ದು ನಿಜ." ಕನ್ನಡಕ ಹಾಕಿಕೊಂಡರು. "ಬಯಸೋದು ತಪ್ಪಲ್ಲವಲ್ಲ. ಹೋಗಲಿ ಬಿಡು. ಈಗ ಒಳ್ಳೇದೇ ಆಯ್ತು. ಮುಂದಿನ ಸಾಲಲ್ಲಿ ಕೂರಿಸು ಅವಳನ್ನ."

ಅವರ ತಪ್ಪು ಎಂದು ಬರೆಯಲು ಕುಳಿತೆ. ಬರೆದು ನೋಡಿದರೆ ಹಾಗೆ ಕಾಣುತ್ತಿಲ್ಲ. ಅವರು ಒಂದು ಮಾತು ಗಾಳಿಗೆ ಬಿಟ್ಟರು. ಅದನ್ನು ಹಿಡಿದು ಎರಡು ಮೈಲಿ ಹೊತ್ತುಕೊಂಡು ಹೋಗಿ ಅವಳ ಕೈಗೆ ಕೊಟ್ಟವಳು ನಾನು. ನಿಯಮವಾ ಎಂದು ಅವಳು ಕೇಳಿದಂತೆಯೇ ಆಯಿತು. ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು.

ಯಾಕೆ ಅನ್ನಲಿಲ್ಲ? ನಿಷ್ಠೆಯೇ? ನಮ್ಮ ಮನೆ ಅವರ ಮನೆಯಂತಲ್ಲ, ನಮ್ಮಲ್ಲಿ ಮಾತೆಂದರೆ ಮಾತು ಎಂದು ಅವಳ ಮುಂದೆ ತೋರಿಸುವ ಆಸೆಯಿತ್ತೇ? ಇತ್ತು. ಆ ಹೊತ್ತಿನಲ್ಲಿ ಹೆಮ್ಮೆ ಅನಿಸಿತ್ತು. ಅದು ಚೆನ್ನಾಗಿ ನೆನಪಿದೆ.

ಅವಳಿಗೆ ಹೇಳಬೇಕು. ಆಲ್ಡರ್ಬಿಗೆ ಇನ್ನೂ ಬೇರೆ ಪಾದ್ರಿ ಬಂದಿಲ್ಲ. ಕೇಳಿದರೆ ಈಗಲೂ ವಾಪಸ್ ಕೊಟ್ಟಾರು.

ಜೂನ್ 29, ಭಾನುವಾರ. ಸಂಜೆ

ನಿನ್ನೆ ದೀಕ್ಷೆ. ಇವತ್ತು ಆಲ್ಬನ್‌ನ ಮೊದಲ ಬಲಿಪೂಜೆ. ಚರ್ಚು ತುಂಬಿತ್ತು. ಅವನ ಹಳೆಯ ಆಂಗ್ಲಿಕನ್ ಸಭೆಯವರೂ ಬಂದಿದ್ದರು, ಗ್ವೆನ್, ಸ್ಪೈರಿಡಾನ್ ಎಲ್ಲರೂ. ಮುಂದಿನ ಸಾಲಿನಲ್ಲಿ ಮೆರಿಯಲ್, ನೀಲಿ ಲಿನನ್ ಉಡುಪು. ಹೆಂಡತಿಯರು ಹಾಕುವುದು.

ಪ್ರಸಾದಕ್ಕೆ ಮುಂಚೆ ಎಂದಿನ ಸೂಚನೆ ನಾನೇ ಓದಿದೆ. ಕ್ಯಾಥೊಲಿಕರು ಮಾತ್ರ ಪ್ರಸಾದ ಸ್ವೀಕರಿಸಬಹುದು. ಇತರ ಸಭೆಯವರು ಎದೆಯ ಮೇಲೆ ಎರಡೂ ಕೈ ಅಡ್ಡ ಕಟ್ಟಿಕೊಂಡು ಬನ್ನಿ, ಆಶೀರ್ವಾದ ಸಿಗುತ್ತದೆ. ಆಮೇಲೆ ಹೋಗಿ ದ್ರಾಕ್ಷಾರಸದ ಪಾನಪಾತ್ರೆ ಹಿಡಿದು ಆಲ್ಬನ್ ಪಕ್ಕ ನಿಂತೆ.

ಸಾಲು ಬಂತು. ನಮ್ಮವರು ಕೈ ಚಾಚಿದರು, ಬೇರೆ ಸಭೆಯವರು ಕೈ ಕಟ್ಟಿದರು. ಆಲ್ಬನ್ ಕೆಲವರಿಗೆ ಕೊಟ್ಟ, ಕೆಲವರ ತಲೆ ಮುಟ್ಟಿದ. ತಡವರಿಸಲಿಲ್ಲ. ಮೂವತ್ತು ವರ್ಷದ ಅಭ್ಯಾಸ, ಶೂನ್ಯದ್ದೇ ಆದರೂ.

ಮೆರಿಯಲ್ ಬಂದಳು. ಕೈ ಕಟ್ಟಿರಲಿಲ್ಲ. ಎಡ ಅಂಗೈಯ ಮೇಲೆ ಬಲ ಅಂಗೈ, ತೆರೆದು ಚಾಚಿತ್ತು. ಹಟಕ್ಕೋ, ಸೂಚನೆ ಕೇಳಿರಲಿಲ್ಲವೋ, ಜೀವಮಾನದ ರೂಢಿಯೋ, ಮುಖ ನೋಡಿದರೆ ತಿಳಿಯಲಿಲ್ಲ. ಮಗುವಿನ ಹಾಗೆ ಮುಖ ಎತ್ತಿದ್ದಳು.

ಆಲ್ಬನ್ ಬೆರಳಲ್ಲಿ ಪ್ರಸಾದ ಹಿಡಿದಿದ್ದ. ಅವಳನ್ನು ನೋಡಲಿಲ್ಲ. ಡೆವ್ಲಿನ್ ಕಡೆ ನೋಡಿದ. ಡೆವ್ಲಿನ್ ತಲೆ ಬಗ್ಗಿಸಿ ಪ್ರಾರ್ಥನೆಯಲ್ಲಿದ್ದರು.

ಪ್ರಸಾದವನ್ನು ಬಟ್ಟಲಿಗೆ ಹಾಕಿದ. ಬಟ್ಟಲನ್ನು ಎಡಗೈಗೆ ಬದಲಾಯಿಸಿಕೊಂಡ. ಅವಳ ಒಂದು ಮಣಿಕಟ್ಟು ಹಿಡಿದು ಎದೆಯ ಮೇಲಿಟ್ಟ. ಇನ್ನೊಂದು ಹಿಡಿದು ಅದರ ಮೇಲಿಟ್ಟ. ಸತ್ತವರ ಕೈ ಜೋಡಿಸುತ್ತಾರಲ್ಲ, ಅಷ್ಟೇ ಮೃದುವಾಗಿ. ಹಣೆಯ ಮೇಲೆ ಶಿಲುಬೆ ಗುರುತು ಮಾಡಿದ.

"ಆಮೆನ್," ಅಂದಳು.

ಆಶೀರ್ವಾದದವರು ಅಲ್ಲಿಂದಲೇ ತಿರುಗಿ ಹೋಗಬೇಕು. ಅವಳು ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಳು, ನನ್ನ ಮುಂದೆ. ನಾನು ಪಾತ್ರೆಯ ಬಾಯಿಗೆ ಬಟ್ಟೆ ಮುಚ್ಚಿದೆ. ಯೋಚಿಸಿ ಮಾಡಲಿಲ್ಲ. ಕೈ ತಾನೇ ಮಾಡಿತು. ಇನ್ನೊಂದು ಕೈಯಲ್ಲಿದ್ದ ಪಾತ್ರೆ ವಾಲಿತು.

ಅವಳು ಪಾತ್ರೆ ನೋಡಿದಳು, ನನ್ನನ್ನಲ್ಲ. ತಗ್ಗಿದ ದನಿಯಲ್ಲಿ ಅಂದಳು: "ಎರಡೂ ಕೈಲಿ ಹಿಡ್ಕೊ, ಬ್ರಿಜಿಡ್. ಚೆಲ್ಲುತ್ತೆ."

ಆಮೇಲೆ ಸಭಾಂಗಣದಲ್ಲಿ ಟೀ, ಕೇಕು. ಜನ ದೀಕ್ಷೆಯ ಎಣ್ಣೆ ಹಚ್ಚಿದ ಆಲ್ಬನ್‌ನ ಹೊಸ ಕೈಗಳಿಗೆ ಮುತ್ತಿಡಲು ಸಾಲು ನಿಂತಿದ್ದರು. ಮೆರಿಯಲ್ ಕೇಕು ಕತ್ತರಿಸಿ ತಟ್ಟೆಗಳಿಗೆ ಹಾಕುತ್ತಿದ್ದಳು. ಹೇಳಲೆಂದೇ ಹತ್ತಿರ ಹೋದೆ.

ಅವಳೇ ಮೊದಲು ಮಾತಾಡಿದಳು. ಈಗ ನನ್ನನ್ನು ನೀನು ಎನ್ನುತ್ತಾಳೆ. "ಆಗ ತಪ್ಪು ನಂದೇ. ಕೈ ಮರೆತುಹೋಯ್ತು. ಏಳು ತಿಂಗಳಾಯ್ತಲ್ಲ ಯಾರ ಕೈಗೂ ಏನೂ ಕೊಡದೆ."

"ಮೆರಿಯಲ್—"

"ಒಂದು ಹೇಳ್ತೀನಿ ಕೇಳು. ಮೊದಮೊದಲು ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ಅಂದ್ಕೊಂಡೆ, ಪಾಪ, ನಿಯಮ ಅದು, ಅವಳೇನು ಮಾಡ್ತಾಳೆ. ನನಗೆ ರಾತ್ರಿ ನಿದ್ದೆ ಬರೋದು ಅದೊಂದ್ರಿಂದ. ಯಾರೋ ಒಬ್ಬರ ಬಾಯಿಚಪಲಕ್ಕೆ ನಾನು ಪೀಠ ಬಿಟ್ಟೆ ಅಂತಾಗಿದ್ರೆ ಹುಚ್ಚು ಹಿಡೀತಿತ್ತು. ನಿಯಮ ಇತ್ತಲ್ಲ. ಇತ್ತು ತಾನೇ?"

ಕೈಯಲ್ಲಿ ಚಾಕು ಹಿಡಿದು ಕಾಯುತ್ತಿದ್ದಳು. ಸಭಾಂಗಣದ ಆಚೆ ಕೊನೆಯಲ್ಲಿ ಸ್ಪೈರಿಡಾನ್ ಏನೋ ಹೇಳಿದರು, ಎಲ್ಲರೂ ನಕ್ಕರು. ಆಲ್ಬನ್ ಎಲ್ಲರಿಗಿಂತ ಗಟ್ಟಿಯಾಗಿ.

"ಇತ್ತು," ಅಂದೆ.

ಅವಳು ನನಗೊಂದು ದೊಡ್ಡ ತುಂಡು ಕೊಟ್ಟಳು.

ಕರುಣೆಯಿಂದ ಅಂದದ್ದೇ? ಅವಳ ನಿದ್ದೆಗಾಗಿ? ಹಾಗೆಂದು ಇಲ್ಲಿ ಬರೆದರೆ ಓದುವವರು ಯಾರೂ ಇಲ್ಲ. ಆದರೂ ಬರೆಯಲು ಕೈ ಬರುತ್ತಿಲ್ಲ.

ಜುಲೈ 1, ಮಂಗಳವಾರ

ಬೆಳಿಗ್ಗೆ ಡೆವ್ಲಿನ್ ಒಂದು ಸುದ್ದಿ ಹೇಳಿದರು. ಆಲ್ಡರ್ಬಿ ಚರ್ಚಿಗೆ ಪಾದ್ರಿಯನ್ನು ಗೊತ್ತುಮಾಡಿದ್ದಾರೆ, ಈ ವಾರ ಘೋಷಣೆ. ಎದ್ದು ಹೋದವರಿಗೆ ಒಪ್ಪಿಗೆಯಾದವನು. "ಅಂತೂ ಅವರೂ ಒಂದಾದ್ರು," ಅಂದರು.

ಘೋಷಣೆ ಇನ್ನೂ ಆಗಿಲ್ಲ. ಇವತ್ತೇ ಹೇಳಿದರೆ ಇವತ್ತೇ ಅವಳು ತನ್ನ ಬಿಷಪ್ಪರ ಬಳಿ ಹೋಗಬಹುದು. ನಾಳೆಗೆ ಆಗದು. ಮಧ್ಯಾಹ್ನ ಆಫೀಸಿನ ಬಾಗಿಲು ಹಾಕಿ ಫೋನ್ ಮಾಡಿದೆ. ಏನು ಹೇಳಬೇಕು ಎಂದು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದೆ. ನಿಯಮ ಇರಲಿಲ್ಲ ಮೆರಿಯಲ್. ಯಾವತ್ತೂ ಇರಲಿಲ್ಲ. ಅಷ್ಟೆ, ಒಂದೇ ಉಸಿರು.

ಆಲ್ಬನ್ ಎತ್ತಿಕೊಂಡ. "ಓ, ಬ್ರಿಜಿಡ್. ಅವಳು ಹಿತ್ತಲಲ್ಲಿದಾಳೆ, ಕರೀತೀನಿ ಇರಿ." ಫಾದರ್ ಎನ್ನಬೇಕಿತ್ತು ನಾನು, ಮರೆತೆ. ಅವನು ಸ್ವಲ್ಪ ಕಾದ. ಆಮೇಲೆ ಹೋದ.

ಅವಳು ಬಂದಳು. ಏದುಸಿರು. ಒದ್ದೆ ಕೈ ಒರೆಸಿಕೊಳ್ಳುವ ಸದ್ದು. "ಹೇಳೇ. ಎಲ್ಲಾ ಸರಿ ಇದೆಯಾ?"

ಎಲ್ಲಾ ಸರಿ ಇದೆ ಅಂದೆ. ಮೊನ್ನೆಯ ಕೇಕು ತುಂಬಾ ಚೆನ್ನಾಗಿತ್ತು, ಹೇಗೆ ಮಾಡಿದೆ ಎಂದು ಕೇಳಲು ಫೋನ್ ಮಾಡಿದೆ ಅಂದೆ.

ಅವಳಿಗೆ ಖುಷಿಯಾಯಿತು. ಬರ್ಕೋ ಅಂದಳು. ಹತ್ತಿರ ಇದ್ದದ್ದು ಈ ಪುಸ್ತಕವೇ.

ಬೆಣ್ಣೆ ಎಂಟು ಔನ್ಸ್, ಮೆತ್ತಗಾಗಿರಬೇಕು. ಸಕ್ಕರೆ ಅಷ್ಟೇ. ಮೊಟ್ಟೆ ನಾಲ್ಕು, ಒಂದೊಂದಾಗಿ. ಎರಡು ನಿಂಬೆಹಣ್ಣಿನ ಸಿಪ್ಪೆ, ತುರಿದು, ಬಿಳಿ ಭಾಗ ಬರಬಾರದು, ಕಹಿಯಾಗುತ್ತೆ.